ಬೈ-ಟು ಸಾಮ್ರಾಜ್ಯ

ಸಾಮ್ರಾಜ್ಯಗಳು ಏಳುತ್ತವೆ, ಬೀಳುತ್ತವೆ. ಇತಿಹಾಸದ ಪಾಠ ಇಷ್ಟೇ ಎಂದು ರಾಜಾಜಿನಗರದ ಶಾಲೆಯೊಂದರಲ್ಲಿ ಜೀವಮಾನವಿಡೀ ಮಕ್ಕಳಿಗೆ ಹೇಳಿಕೊಂಡು ಬಂದೆ. ನಿವೃತ್ತನಾದ ಮೇಲೆ ನನಗೇ ಒಂದು ಸಾಮ್ರಾಜ್ಯ ದಕ್ಕಿತು. ಅದು ಏಳಲೇ ಇಲ್ಲವಾದ್ದರಿಂದ ಬೀಳುವ ಪ್ರಶ್ನೆ ಬರಲಿಲ್ಲ.

ಅದರ ಇನ್ನೊಬ್ಬ ಚಕ್ರವರ್ತಿ ನನ್ನ ಗೆಳೆಯ. ಅತ್ತಿಗುಪ್ಪೆಯಲ್ಲಿ ಅವನದೊಂದು ಜೆರಾಕ್ಸ್ ಅಂಗಡಿ. ಬೇಸ್‌ಬಾಲ್ ಚೆಂಡನ್ನು ಅವನು ಕಣ್ಣಾರೆ ಕಂಡವನಲ್ಲ. ಆದರೆ ಅಲ್ಲಿನ ಆಟಗಾರನೊಬ್ಬನ ಮೊಣಕೈಗೋಸ್ಕರ ದೇವರಿಗೆ ಬೆಳ್ಳಿಯ ಕೈ ಹರಕೆ ಹೊತ್ತವನು ಪಶ್ಚಿಮ ಬೆಂಗಳೂರಿನಲ್ಲಿ ಅವನೊಬ್ಬನೇ ಎಂದು ಧೈರ್ಯವಾಗಿ ಹೇಳಬಲ್ಲೆ. ಪೂರ್ವದ ಕಡೆಯದು ನನಗೆ ಗೊತ್ತಿಲ್ಲ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಕಂಪ್ಯೂಟರಿನಲ್ಲಿ ಚದುರಂಗ ಆಡುತ್ತಿದ್ದ. ಎದುರಾಳಿ ಅಮೆರಿಕದ ಒಬ್ಬ ಹಲ್ಲಿನ ಡಾಕ್ಟರು. ಆ ಡಾಕ್ಟರು ಒಂದು ದಿನ, ತಮ್ಮದೊಂದು ಬೇಸ್‌ಬಾಲ್ ಲೀಗ್ ಇದೆ, ಹನ್ನೆರಡು ತಂಡ, ಒಂದರ ಯಜಮಾನ ಬಿಟ್ಟು ಓಡಿಹೋಗಿದ್ದಾನೆ, ತಗೋತೀರಾ ಎಂದು ಕೇಳಿದರಂತೆ. ಎಲ್ಲ ಕಾಗದದ ಮೇಲಿನ ತಂಡಗಳು. ನಿಜವಾದ ಆಟಗಾರರನ್ನು ನಾವು ಆರಿಸಿಕೊಳ್ಳುವುದು; ಅವರು ಅಲ್ಲಿ ಹೊಡೆದರೆ ನಮಗೆ ಇಲ್ಲಿ ಅಂಕ. ಅದರಲ್ಲೂ ಇದು ಡೈನಾಸ್ಟಿ ಲೀಗ್, ಅಂದರೆ ರಾಜವಂಶ. ಒಮ್ಮೆ ಕೈಹಿಡಿದವನನ್ನು ಅವನು ನಿವೃತ್ತನಾಗುವ ತನಕ, ಇಲ್ಲವೇ ನಾವೇ ಇನ್ನೊಂದು ತಂಡಕ್ಕೆ ಕೊಡುವ ತನಕ, ಸಾಕಬೇಕು. ಹದಿನಾರು ಹದಿನೇಳರ ಹುಡುಗರನ್ನು ಈಗಲೇ ಹಿಡಿದಿಟ್ಟುಕೊಂಡು, ಅವರು ಬೆಳೆದು ದೊಡ್ಡ ಮೈದಾನಕ್ಕೆ ಬರಲೆಂದು ವರ್ಷಗಟ್ಟಲೆ ಕಾಯಲೂಬಹುದು.

ಮೆಟ್ರೋ ಸ್ಟೇಷನ್ ಪಕ್ಕದ ದರ್ಶಿನಿಯಲ್ಲಿ ನಾವಿಬ್ಬರೂ ಯಾವತ್ತೂ ಬೈ-ಟು ಕಾಫಿಯವರು. ತಂಡವನ್ನೂ ಬೈ-ಟು ಮಾಡಿಕೊಂಡೆವು. ಡಾಕ್ಟರು ಒಂದೇ ಷರತ್ತು ಹಾಕಿದರು: ಇಬ್ಬರೂ ಒಪ್ಪಿಗೆ ಕೊಡದೆ ಯಾವ ಆಟಗಾರನೂ ಕೈ ಬದಲಾಗುವಂತಿಲ್ಲ.

ನನ್ನ ಗೆಳೆಯ ಹಿಡಿದದ್ದೆಲ್ಲ ಹುಡುಗರನ್ನೇ. ಮೂವತ್ತು ದಾಟಿದವನು ನಮ್ಮ ಹೊಸ್ತಿಲು ದಾಟಬಾರದು ಎಂಬುದು ಅವನ ಸಂವಿಧಾನ. ಆಯ್ಕೆಯ ವಿಧಾನವೂ ಶಾಸ್ತ್ರೋಕ್ತವೇ. ವರಾನ್ವೇಷಣೆಗೆ ಕೂತ ಸೋದರಮಾವನ ಹಾಗೆ ಫೋಟೋ ನೋಡುತ್ತಿದ್ದ.

"ಕಿವಿ ನೋಡೋ ಇವನ್ದು. ಕಿವಿ ದೊಡ್ಡದಿದ್ರೆ ಆಯಸ್ಸು ಗಟ್ಟಿ."

"ನಮಗೆ ಬೇಕಾಗಿರೋದು ಆಯಸ್ಸಲ್ಲ ಕಣೋ, ಅಂಕ."

"ಆಯಸ್ಸಿದ್ರೆ ಅಂಕ ತಾನಾಗೇ ಬರತ್ತೆ. ಮೇಷ್ಟ್ರಾಗಿ ಇಷ್ಟೂ ಗೊತ್ತಿಲ್ವಾ?"

ಹೀಗೆ ಕಿವಿಯ ಮೇಲೆ ಆರಿಸಿದ ಹುಡುಗರಲ್ಲಿ ಒಬ್ಬ ಎಡಗೈ ಎಸೆತಗಾರ. ಹದಿನೇಳು ವರ್ಷ, ಯಾವುದೋ ದ್ವೀಪದವನು. ನಮ್ಮ ಕೈ ಸೇರಿದ ತಿಂಗಳಲ್ಲೇ ಅವನ ಮೊಣಕೈಗೆ ಆಪರೇಷನ್ ಆಯಿತು. ಗೆಳೆಯ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ನೋಡಿ ಅಣ್ಣಾ," ಎಂದರು ಅವನ ಹೆಂಡತಿ ನನ್ನ ಹತ್ತಿರ, "ಯಾರ್ದೋ ಮೊಣಕೈಗೆ ಇವರು ತಟ್ಟೆ ಬಿಟ್ಟು ಏಳ್ತಾರೆ. ನನ್ನ ಮಂಡಿ ಹಿಡ್ಕೊಂಡು ಎರಡು ವರ್ಷ ಆಯ್ತು. ನಾನು ಯಾವ ಲೀಗಿಗೆ ಸೇರ್ಲಿ?"

ಆಗಲೇ ಬೆಳ್ಳಿಯ ಕೈ ಬಂದದ್ದು. ಮಹಾಲಕ್ಷ್ಮಿ ಲೇಔಟಿನ ಒಂದು ದೇವಸ್ಥಾನದಲ್ಲಿ ಹರಕೆ ಒಪ್ಪಿಸಿ, ಹುಡುಗನ ಹೆಸರಲ್ಲಿ ಅರ್ಚನೆಗೆ ನಿಂತೆವು. ಅರ್ಚಕರು ಗೋತ್ರ ಕೇಳಿದರು. ಗೊತ್ತಿಲ್ಲ ಎಂದೆವು. "ಗೊತ್ತಿಲ್ದವರಿಗೆಲ್ಲ ಕಾಶ್ಯಪ ಗೋತ್ರ," ಎಂದು ಅವರು ಒಂದೇ ಉಸಿರಿನಲ್ಲಿ ಆ ದ್ವೀಪವಾಸಿಯನ್ನು ಋಷಿಮೂಲಕ್ಕೆ ಸೇರಿಸಿಬಿಟ್ಟರು. ಆಮೇಲೆ ನಕ್ಷತ್ರ ಕೇಳಿದರು. ಹುಟ್ಟಿದ ದಿನವೇನೋ ಇಂಟರ್ನೆಟ್ಟಿನಲ್ಲಿತ್ತು, ಹೊತ್ತು ಇರಲಿಲ್ಲ. ಹೊತ್ತಿಲ್ಲದೆ ನಕ್ಷತ್ರ ಹೇಗೆ ಗಟ್ಟಿಯಾಗಬೇಕು? ನನ್ನ ಗೆಳೆಯ ಅಂಗಡಿಗೆ ಹೋದವನೇ ಹುಡುಗನ ಕ್ಲಬ್ಬಿಗೆ ಇಮೇಲ್ ಬರೆದ: ತಮ್ಮ ಆಟಗಾರನು ಜನಿಸಿದ ಸಮಯವನ್ನು ದಯವಿಟ್ಟು ತಿಳಿಸತಕ್ಕದ್ದು.

ಉತ್ತರ ಬಂತು. ಮಂಗಳವಾರದ ಪಂದ್ಯಕ್ಕೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆಯಂತೆ.

"ಉತ್ತರ ಕೊಟ್ರಲ್ಲ," ಎಂದ ಅವನು. "ಮರ್ಯಾದಸ್ಥರು. ಕಾಯೋಣ."

ಕಾಯುತ್ತಾ ನಾವು ಒಂದು ವರ್ಷ ಹನ್ನೆರಡನೆಯವರಾದೆವು, ಇನ್ನೊಂದು ವರ್ಷ ಹನ್ನೊಂದನೆಯವರು. ಪ್ರಗತಿ ಎದ್ದು ಕಾಣುತ್ತಿತ್ತು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಅವನು ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋಗಿಬಂದ. ಹಲ್ಲಿನವರಲ್ಲ, ಇಲ್ಲಿನವರು. ಮಾರನೆಯ ಬೆಳಿಗ್ಗೆ ನನ್ನ ಫೋನಿನಲ್ಲಿ ಒಂದು ಪ್ರಸ್ತಾಪ ಒಪ್ಪಿಗೆಗಾಗಿ ಕಾದಿತ್ತು: ಎಡಗೈಯವನೂ ಸೇರಿ ನಮ್ಮ ನಾಲ್ಕು ಹುಡುಗರನ್ನು ಹಲ್ಲಿನ ಡಾಕ್ಟರಿಗೆ ಕೊಟ್ಟು, ಅವರಿಂದ ಒಬ್ಬ ಹೊಡೆತಗಾರನನ್ನು ತರುವುದು. ಆ ಹೊಡೆತಗಾರನ ವಯಸ್ಸು ಮೂವತ್ತೊಂಬತ್ತು. ಗೆಳೆಯನ ಒಪ್ಪಿಗೆ ಆಗಲೇ ಬಿದ್ದಿತ್ತು.

ದರ್ಶಿನಿಯಲ್ಲಿ ಕೇಳಿದೆ. "ಡಾಕ್ಟರು ಏನಂದ್ರೋ?"

"ಖಾರ ಕಮ್ಮಿ ಮಾಡಿ ಅಂದ್ರು."

"ಖಾರ ಕಮ್ಮಿ ಮಾಡೋಕೆ ನಾಲ್ಕು ಹುಡುಗ್ರನ್ನ ಕೊಡ್ಬೇಕಾ?"

ಅವನು ಲೋಟದಿಂದ ಲೋಟಕ್ಕೆ ಕಾಫಿ ಸಮ ಮಾಡುತ್ತಿದ್ದ. ನನ್ನ ಲೋಟಕ್ಕೆ ಒಂದು ಗುಟುಕು ಹೆಚ್ಚೇ ಬಿತ್ತು.

"ಈ ವರ್ಷ ಗೆಲ್ಲೋಣ ಕಣೋ. ಒಂದ್ಸಲ."

"ಮುಂದಿನ ವರ್ಷ ಗೆಲ್ಲೋಣ."

"ಮುಂದಿನ ವರ್ಷ ನೀನು ಗೆಲ್ಲು."

ಅಷ್ಟರಲ್ಲೇ ಎಲ್ಲ ತಿಳಿಯಿತು. ಒಪ್ಪಿಗೆ ಒತ್ತಿದರೆ ಹೊಟ್ಟೆ ನೋಡಿದ ಡಾಕ್ಟರ ಮಾತಿನ ಕೆಳಗೆ ನಾನೂ ರುಜು ಹಾಕಿದ ಹಾಗೆ ಎನ್ನಿಸಿತು. ಆಗಲ್ಲ ಎಂದೆ. ಹುಡುಗರು ಬರಲಿ, ನೀನೇ ನೋಡುವೆಯಂತೆ ಎಂದೆ. ಮಾರನೆಯ ದಿನ ಅವನು ಕೌಂಟರಿನಲ್ಲಿ ತನಗೊಂದು ಫುಲ್ ಕಾಫಿ ಹೇಳಿದ. ನಮ್ಮ ಗೆಳೆತನದಲ್ಲಿ ಅದಕ್ಕಿಂತ ದೊಡ್ಡ ಜಗಳ ಆಗಿಲ್ಲ.

ಮಳೆಗಾಲದ ಹೊತ್ತಿಗೆ ಅವನಿಗೆ ಕಾಫಿಯೂ ಇಳಿಯುತ್ತಿರಲಿಲ್ಲ. ನಾನು ಬೆಳಿಗ್ಗೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ಕೂತು ಸ್ಕೋರು ಓದುತ್ತಿದ್ದೆ. ಎಡಗೈಯವನು ಮತ್ತೆ ಎಸೆಯಲು ಶುರುಮಾಡಿದ್ದ, ಚಿಕ್ಕ ಮೈದಾನಗಳಲ್ಲಿ. ಒಂದು ಸಂಜೆ ನಾನೊಬ್ಬನೇ ಅದೇ ದೇವಸ್ಥಾನಕ್ಕೆ ಹೋದೆ. ಅರ್ಚಕರು ಗೋತ್ರ ಕೇಳಿದರು. ಇಷ್ಟು ವರ್ಷದ ಗೆಳೆಯನದು ಯಾವ ಗೋತ್ರ, ಯಾವ ನಕ್ಷತ್ರ, ಒಂದೂ ನನಗೆ ಗೊತ್ತಿರಲಿಲ್ಲ. ಕಾಶ್ಯಪಕ್ಕೇ ಸೇರಿಸಿದರು.

ಮಾರನೆಯ ದಿನ ಅವನನ್ನೇ ಕೇಳಿದೆ. "ನಿನ್ನ ನಕ್ಷತ್ರ ಯಾವುದೋ?"

"ಯಾರಿಗ್ಗೊತ್ತು. ಹುಟ್ಟಿದ ಹೊತ್ತು ನಮ್ಮಮ್ಮ ನೋಡ್ಕೊಂಡಿಲ್ಲ." ಆಮೇಲೆ ಅವನೇ ಕೇಳಿದ: "ಆ ಹುಡುಗನ್ದು ಬಂತಾ?"

"ಇಲ್ಲ."

"ಕಾಯೋಣ," ಎಂದ.

ಅವನು ಆಗಸ್ಟ್‌ನಲ್ಲಿ ಹೋದ. ಲೀಗ್ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಮೂವತ್ತೊಂಬತ್ತರ ಹೊಡೆತಗಾರ ಕೊನೆಯ ವಾರದಲ್ಲಿ ಚೆನ್ನಾಗಿ ಆಡಿದ್ದರಿಂದ ಹಲ್ಲಿನ ಡಾಕ್ಟರ ತಂಡ ಗೆದ್ದಿತು. ನಾವು ಹನ್ನೊಂದನೆಯವರಾದೆವು.