ಪೈಲ್ವಾನ ಮಾವನ ಬ್ಯಾಡ್ಮಿಂಟನ್

ನನ್ನ ಮಗಳು ಜಿಲ್ಲಾ ಬ್ಯಾಡ್ಮಿಂಟನ್ ತಂಡ ಸೇರುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಸಾರಿದವಳು ಸಿರುಗುಪ್ಪದ ನಮ್ಮ ದೊಡ್ಡಮ್ಮ. ಇದೇ ದೊಡ್ಡಮ್ಮ ಹಿಂದೆ ನಾನು ಡಿಗ್ರಿ ಪಾಸಾಗುವುದೂ ಆಗದ ಮಾತು ಎಂದಿದ್ದಳು. ಬಿದ್ದು ಎದ್ದು ಓದಿ, ಮನೆತನದಲ್ಲೇ ಮೊದಲನೆಯವಳಾಗಿ ನಾನು ಪಾಸಾದಾಗ, “ಈ ವರ್ಷ ಪೇಪರು ಹಗುರ ಕೊಟ್ಟಾರ” ಎಂದು ಸಮಾಧಾನ ಮಾಡಿಕೊಂಡಳು! ಆದರೆ ಈ ಸಲ ಅವಳ ಮಾತಿನಲ್ಲಿ ಹುರುಳಿತ್ತು. ಯಾಕೆಂದರೆ ಮಗಳ ತಯಾರಿಯನ್ನು ಹೊತ್ತುಕೊಂಡವನು ಕುರುಗೋಡಿನ ನನ್ನ ಸೋದರಮಾವ. ಬ್ಯಾಡ್ಮಿಂಟನ್ ಕಲಿಸಲು ಬ್ಯಾಡ್ಮಿಂಟನ್ ಗೊತ್ತಿರಬೇಕೆಂಬ ಮೂಢನಂಬಿಕೆ ಅವನಿಗೆ ಇರಲೇ ಇಲ್ಲ.

ಮಾವ ಹಳೇ ಪೈಲ್ವಾನ. ಮೊದಲ ಸಲ ಶಟಲ್ ಕಾಕನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, “ಇಷ್ಟ ಏನು? ಉಫ್ ಅಂದ್ರ ಹೋಗತೈತಿ. ಬ್ಯಾಟು ಯಾಕ ಬೇಕಲೇ?” ಎಂದ. ಆದರೂ ಬೇಸಿಗೆ ರಜೆಗೆ ಮಗಳನ್ನು ಬಳ್ಳಾರಿಯಿಂದ ಕುರುಗೋಡಿಗೆ ಕರೆದೊಯ್ದ. ಗುಡ್ಡ ಹತ್ತಿಸಿದ, ಬಸ್ಕಿ ಹೊಡೆಸಿದ, ಬಾದಾಮಿ ಅರೆದ ಹಾಲು ಕುಡಿಸಿದ. ನಮ್ಮ ಬಿಸಿಲಿಗೆ ತುಪ್ಪ ತಾನಾಗಿ ಕರಗುತ್ತದೆ, ನಿಜ. ಹಾಗಂತ ಲೋಟದಲ್ಲಿ ಕುಡಿಸಬೇಕೇ? ರಜೆ ಮುಗಿಸಿ ಬಂದವಳನ್ನು ಎರಡು ದಿನ ನೋಡಿ, ಬಳ್ಳಾರಿಯಲ್ಲಿ ಅವಳಿಗೆ ಆಟ ಕಲಿಸುವ ಗಾಂಧಿನಗರದ ಕೋಚ್ ನನ್ನನ್ನು ಪಕ್ಕಕ್ಕೆ ಕರೆದಳು.

“ಅಕ್ಕಾರ, ಕಾಲು ಭಾಳ ಗಟ್ಟಿ ಆಗ್ಯಾವ. ಮೊದಲಿನಂಗ ಸುಸ್ತೂ ಆಗಂಗಿಲ್ಲ. ಆದ್ರ ಸರ್ವೀಸ್ ಮಾಡೂಮುಂದ ತೊಡಿ ತಟ್ಟತಾಳ್ರಿ! ಎದುರಿನ ಹುಡುಗ್ಯಾರು ಹೆದರಿ ಹಿಂದಕ್ಕ ಸರೀತಾರ!”

ಆಯ್ಕೆ ಪಂದ್ಯದ ದಿನ ಬಂತು. ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ, ಮುಂದಿನ ವರ್ಷ ಮಗಳ ವಯಸ್ಸು ಮೀರುತ್ತಿತ್ತು. ನಾನು ದೇವರಿಗೆ ಹರಕೆ ಹೊತ್ತಿದ್ದೆ. ಮಾವನೋ, ಗರಡಿಯ ಕೆಂಪು ಮಣ್ಣನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದ! ಕುಸ್ತಿಗೆ ಮೊದಲು ಎದುರಾಳಿಯ ಮೈಗೆ ಮಣ್ಣು ಹಾಕುವುದು ಅವರಲ್ಲಿ ಗೌರವವಂತೆ. ಮಗಳು ಕೈಕುಲುಕಿ, ಎದುರಿನ ಹುಡುಗಿಯ ಬಿಳಿ ಅಂಗಿಯ ಮೇಲೆ ಒಂದು ಹಿಡಿ ಗೌರವ ಸುರಿದೇಬಿಟ್ಟಳು. ಆ ಹುಡುಗಿಯ ತಾಯಿ ಚೀರಿದಳು. ಅಂಪೈರ್ ಕುರ್ಚಿ ಬಿಟ್ಟು ಇಳಿದು ಬಂದರು.

“ಏನ್ರೀ ಇದು?”

“ಮರ್ಯಾದಿ ಐತ್ರಿ ಸಾರ್!” ಮಾವ ಎದೆ ಉಬ್ಬಿಸಿದ.

“ಹಂಗಾದ್ರ ನಿಮ್ಮ ಮರ್ಯಾದಿ ನೀವ ಗುಡಿಸ್ರಿ.”

ಮಾವ ಗುಡಿಸಿದ. ಹೆಗಲ ಟವೆಲ್ಲಿನಿಂದಲೇ.

ಮೂರನೇ ಗೇಮು ಸಮಸಮ ನಡೆದಿತ್ತು. ತಲೆಯ ಮೇಲೆ ಹಾರಿದ ಶಟಲ್ಲನ್ನು ಹಿಂದಕ್ಕೆ ಓಡಿ ಬಾರಿಸಿದ ಮಗಳು, ಕಾಲು ಜಾರಿ ಅಂಗಾತ ಬಿದ್ದಳು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿತೋ, ಮುಗಿಯಿತು. “ಚಿತ್ ಆದ್ಲು” ಎಂದವನೇ ಮಾವ ಎದ್ದು ಹೊರಟ.

“ಮಾವಾ, ಆಟ ಇನ್ನೂ ಐತಿ!” ಎಂದು ಕೂಗಿದೆ. ತಿರುಗಿ ನೋಡಿದರೆ ಕೇಳಿ! ಇತ್ತ ಮಗಳು ಮೊಣಕೈ ಒರೆಸಿಕೊಂಡು ಎದ್ದಳು. ಗೆದ್ದಳು. ಆಯ್ಕೆಯ ಸರ್ಟಿಫಿಕೇಟ್ ಹಿಡಿದು ಓಡಿಬಂದು, “ತಾತ ಎಲ್ಲಿ?” ಎಂದಳು.

ಅವಳ ತಾತ, ನನ್ನ ಮಾವ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಕುರುಗೋಡಿನ ಬಸ್ಸು ಎದುರಿಗೇ ನಿಂತಿದ್ದರೂ ಹತ್ತದೆ, ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮಗಳು ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟಳು. ಮಾವ ಅವಳ ಹೆಸರಿನ ಮೇಲೆ ಬೆರಳಾಡಿಸಿದ.

“ನಾ ಚಿತ್ ಆದ ದಿನ ಎಲ್ಲಾರೂ ಎದ್ದು ಹೋಗಿದ್ರವ್ವ. ನಾನೂ ಮತ್ತ ಅಖಾಡಕ್ಕ ಇಳೀಲಿಲ್ಲ,” ಎಂದ. “ಬಿದ್ದ ಮ್ಯಾಲೂ ಆಟ ಇರತೈತಿ ಅಂತ ನಂಗೊತ್ತಿರಲಿಲ್ಲ. ಇನ್ನೊಮ್ಮಿ ಬಿದ್ರ ನಾ ಎದ್ದು ಹೋಗಂಗಿಲ್ಲ. ಕುಂತಿರತೀನಿ.”