ನೆಗೆಣ್ಣಿಯ ಬ್ಯಾಗಿನಲ್ಲಿ ವೈಪರು

ಹೆಣ್ಣುಮಕ್ಕಳ ವ್ಯಾನಿಟಿ ಬ್ಯಾಗಿನಲ್ಲಿ ಏನೇನಿರುತ್ತದೆ? ಕನ್ನಡಿ, ಬಾಚಣಿಗೆ, ಟಿಕಳಿ ಪಾಕೀಟು, ಬಹಳವೆಂದರೆ ನಾಲ್ಕು ಚಾಕಲೇಟು. ನನ್ನ ನೆಗೆಣ್ಣಿಯ ಬ್ಯಾಗಿನಲ್ಲಿ ಕಾರಿನ ಎರಡು ವೈಪರು ಇರುತ್ತಿದ್ದವು! ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಕಾರು ಎಲ್ಲಿ ನಿಂತರೂ ಸರಿ, ಮೊದಲು ತಾನು ಇಳಿದು, ಗಾಜಿನ ಮೇಲಿನ ಕಡ್ಡಿ ಎತ್ತಿ, ಹೆಬ್ಬೆರಳಿನಿಂದ ಕ್ಲಿಪ್ಪು ಒತ್ತಿ, ಆ ಗಿಡ್ಡ ರಬ್ಬರು ಪಟ್ಟಿಗಳೆರಡನ್ನೂ ಎಳೆದು ಬ್ಯಾಗಿಗೆ ತುರುಕಿ, ಆಮೇಲೆಯೇ ಅತ್ತೆಗೆ ಬಾಗಿಲು ತೆಗೆಯುತ್ತಿದ್ದಳು. ಮದುವೆಗೆ ಹೋದರೂ ಹಾಗೇ, ಮಣ್ಣಿಗೆ ಹೋದರೂ ಹಾಗೇ.

ನನಗೆ ಹೊಟ್ಟೆಕಿಚ್ಚು ಎಂದು ನೀವು ಅನ್ನಬಹುದು. ಹೌದ್ರೀ, ಹೊಟ್ಟೆಕಿಚ್ಚೇ! ಅವಳು ತವರಿನಿಂದ ಹಳೇ ಫಿಯಾಟ್ ತಂದಳು, ನಾನು ಎಮ್ಮೆ ತಂದಿದ್ದೆ. ಎಮ್ಮೆ ಹಾಲು ಕೊಡುತ್ತದೆ. ಫಿಯಾಟ್ ಏನು ಕೊಡುತ್ತದೆ? ಹೊಗೆ! ಆದರೆ ನಮ್ಮ ಅತ್ತೆ ಖಾನಾಪುರದ ಓಣಿ ತುಂಬ ಹೇಳಿಕೊಂಡು ತಿರುಗಿದ್ದು, “ನಮ್ಮ ಸಣ್ಣ ಸೊಸಿ ಗಾಡಿ ಹೊಡೀತಾಳ” ಎಂದು. ದಿನಾ ಅವರ ಮೊಣಕಾಲಿಗೆ ಎಣ್ಣೆ ತಿಕ್ಕುವವಳು ಯಾರು? ನಾನು. ಮಳೆಗಾಲ ಬಂತೆಂದರೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಳಗಾವಿಗೆ ಹಾರಿಸಿಕೊಂಡು ಹೋಗುವವಳು ಯಾರು? ಅವಳು. “ಖಾನಾಪುರದಾಗ ಥಂಡಿ ಭಾಳ್ರೀ ಅತ್ಯಾರ, ನಮ್ಮ ಮನಿಗೆ ಬರ್ರಿ” ಎಂದರೆ ಸಾಕು, ಮುದುಕಿ ಗಂಟು ಕಟ್ಟಿಕೊಂಡು ತಯಾರು!

ವೈಪರು ಬಿಚ್ಚುವ ಚಟ ಹತ್ತಿದ್ದು ಬೆಳಗಾವಿಯ ಅವಳ ಮನೆಯ ಹತ್ತಿರದ ಖಾಸಬಾಗದ ಸಂತೆಯಲ್ಲಿ. ಕಾಯಿಪಲ್ಯ ಕೊಂಡು ಬರುವಷ್ಟರಲ್ಲಿ ಯಾರೋ ಎರಡನ್ನೂ ಹಾರಿಸಿದ್ದರು. ಮರುವಾರ ಅಲ್ಲೇ ಹಳೇ ಸಾಮಾನು ಮಾರುವವನ ಮುಂದೆ ಎರಡು ವೈಪರು ಕಣ್ಣಿಗೆ ಬಿದ್ದವಂತೆ.

“ಇವು ನನ್ನವು!”

“ನಿಮ್ಮ ಹೆಸರು ಬರದೈತೇನ್ರೀ ಬಾಯಾರ?”

“ಹಡದ ಕೂಸಿನ ಮ್ಯಾಲ ಯಾರರ ಹೆಸರು ಬರೀತಾರೇನು?”

ಕೊನೆಗೆ ತನ್ನ ಕೂಸುಗಳನ್ನು ತಾನೇ ರೊಕ್ಕ ಕೊಟ್ಟು ಬಿಡಿಸಿಕೊಂಡು ಬಂದಳು. ಮನೆಗೆ ಬಂದು ಹಚ್ಚಿ ನೋಡಿದರೆ ಗಾಜು ದಾಟಿ ಗೇಣುದ್ದ ಹೊರಗೆ! ಯಾವುದೋ ಲಾರಿಯ ಕೂಸುಗಳು. ಮತ್ತೆ ಹೊಸವು ತರಬೇಕಾಯಿತು, ಅಂದಿನಿಂದ ವೈಪರು ಬ್ಯಾಗು ಸೇರಿತು.

ಖಾನಾಪುರಕ್ಕೆ ಬಂದಾಗ ಅತ್ತೆ ಆ ವೈಪರುಗಳನ್ನು ಸೆರಗಿನಿಂದ ಒರೆಸಿ ದೇವರ ಜಗಲಿಯ ಮೇಲೆ, ವಿಭೂತಿಯ ಬಾಜು ಇಡುತ್ತಿದ್ದರು. ಅದೇ ಜಗಲಿಯ ಮೇಲೆ ನಾನೊಮ್ಮೆ ಕಡ್ಡಿಪೆಟ್ಟಿಗೆ ಮರೆತಿದ್ದಕ್ಕೆ, “ಇದೇನು ಕಿರಾಣಿ ಅಂಗಡಿ ಅಂತ ತಿಳದಿಯೇನ?” ಎಂದು ಸಂಜೆಯ ತನಕ ಒದರಿದ್ದರು. ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೆ?

ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಬೀಡಿ ಎಂಬ ಊರಿನಲ್ಲಿ ಅತ್ತೆಯ ತವರಿನವರ ಮದುವೆ. ಮುಗಿಸಿಕೊಂಡು ಬರುತ್ತ ನನ್ನನ್ನು ಖಾನಾಪುರದಲ್ಲಿ ಇಳಿಸಿ, ಅತ್ತೆಯನ್ನು ಹಾಗೇ ಬೆಳಗಾವಿಗೆ ಒಯ್ಯುವುದೆಂದು ಠರಾವಾಗಿತ್ತು. ಅವರ ಗಂಟು ಆಗಲೇ ಡಿಕ್ಕಿಯಲ್ಲಿತ್ತು. ಅಂದು ನೆಗೆಣ್ಣಿಯ ಬ್ಯಾಗು ತುಂಬಿದ್ದರಿಂದ, ಆಮೇಲೆ ತೆಗೆದರಾಯಿತೆಂದು ವೈಪರುಗಳನ್ನು ಉಡುಗೊರೆಯ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಳು. ಉಡಿ ತುಂಬುವ ಗದ್ದಲದಲ್ಲಿ ಅತ್ತೆ ಅದೇ ಸೀರೆ ಎತ್ತಿ ಅಕ್ಕಿ, ಕಾಯಿ, ಉತ್ತತ್ತಿ ಸಮೇತ ಮದುಮಗಳ ಉಡಿಗೆ ಹಾಕಿಬಿಟ್ಟರು!

“ದಡಿ ಭಾಳ ಗಟ್ಟಿ ಐತ್ರೀ!” ಎಂದು ಮದುಮಗಳ ಅವ್ವ ಸೀರೆಯ ಅಂಚು ಸವರಿ ಹಿಗ್ಗಿದಳು.

ನೆಗೆಣ್ಣಿ ಅತ್ತೆಯ ಕಿವಿಯಲ್ಲಿ, “ಅತ್ಯಾರ, ಅದರಾಗ ನನ್ನ ವೈಪರು ಅದಾವ್ರಿ...” ಎಂದಳು.

“ಸುಮ್ನಿರ. ಉಡಿಗೆ ಹಾಕಿದ್ದು ಯಾರರ ತಿರುಗಿ ಕೇಳ್ತಾರೇನು?”

ನನಗೋ, ಒಳಗೊಳಗೇ ಹಬ್ಬ! ಆದರೆ ಊರು ದಾಟುವ ತನಕ ಮಾತ್ರ. ಮಳೆ ಹೊಡೆಯಿತು ನೋಡಿ, ಗಾಜಿನಾಚೆ ರಸ್ತೆಯೂ ಇಲ್ಲ, ಗಿಡವೂ ಇಲ್ಲ. ಕಾರು ಬದಿಗೆ ನಿಂತಿತು. ಅತ್ತೆ ಎಲೆಯಡಿಕೆಯ ಚಂಚಿ ಬಿಚ್ಚಿ ತಂಬಾಕು ತೆಗೆದು, “ಲಾರಿಯವರು ಇದನ್ನ ಗಾಜಿಗೆ ತಿಕ್ಕತಾರ. ತಿಕ್ಕರ್ರೆವಾ” ಎಂದರು. ನಾವಿಬ್ಬರೂ ಇಳಿದು ತಿಕ್ಕಿದೆವು. ಖರೇ ಹೇಳುತ್ತೇನೆ, ಹನಿ ನಿಲ್ಲದೆ ಜಾರಿ ರಸ್ತೆ ಕಂಡಿತು! ತಂಬಾಕು ತೊಳೆದುಹೋದರೆ ಮತ್ತೆ ಇಳಿಯುವುದು, ಮತ್ತೆ ತಿಕ್ಕುವುದು. ಖಾನಾಪುರ ಮುಟ್ಟುವಷ್ಟರಲ್ಲಿ ನಾವಿಬ್ಬರೂ ತೊಯ್ದು ತೊಪ್ಪೆ, ಚಂಚಿ ಖಾಲಿ. ಬೆಳಗಾವಿಯ ಮಾತು ನಾಳೆಗೆ ಬಿತ್ತು.

ಬೆಳಿಗ್ಗೆ ನನ್ನ ಗಂಡ ಅಂಗಡಿ ತೆರೆಸಿ ಹೊಸ ವೈಪರು ತಂದರು. ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು. ನನಗೇನಾಯಿತೋ, ವೈಪರನ್ನು ನೆಗೆಣ್ಣಿಯ ಕೈಯಿಂದ ಕಸಿದುಕೊಂಡೆ.

“ಕೊಡಿಲ್ಲೆ! ನಿನಗೊಬ್ಬಾಕಿಗೆ ಬರ್ತೈತೇನು? ನಾನೂ ಹಾಕ್ತೀನಿ.”

ಕಡ್ಡಿ ಎತ್ತಿದೆ, ಒತ್ತಿದೆ, ಬೈದೆ. ಅದು ಕೂರಲೇ ಇಲ್ಲ. ಒಳಗಿನಿಂದ ಅತ್ತೆ, “ಉಲ್ಟಾ ಹಿಡದಾಳ ನೋಡ!” ಎಂದು ನಕ್ಕರು. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು.

“ಒಯ್ಯಿ, ಎಲ್ಲಾ ನೀನ ಒಯ್ಯಿ! ಅತ್ತೀನೂ ಒಯ್ಯಿ. ನನ್ನ ಕೂಡ ಯಾರೂ ಇರೂದು ಬ್ಯಾಡ.”

ಅವಳು ನನ್ನ ಬೆರಳ ಮೇಲೆ ತನ್ನ ಬೆರಳಿಟ್ಟು, ಪಟ್ಟಿ ತಿರುಗಿಸಿ ಕಡ್ಡಿಗೆ ಸಿಕ್ಕಿಸಿದಳು. ಟಕ್ ಎಂದಿತು. ಆದರೂ ಕೈ ಬಿಡಲಿಲ್ಲ.

“ಅಕ್ಕಾರ, ನನಗ ಒಡಹುಟ್ಟಿದವರು ಯಾರೂ ಇಲ್ರಿ. ಮದಿವಿ ಆದಾಗಿಂದ ನಿಮ್ಮನ್ನ ಕರದೇ ಕರದೆ. ಕೆಲಸ ಐತಿ, ಬರಾಕಾಗೂದಿಲ್ಲ ಅಂದ್ರಿ. ಅತ್ಯಾರನ್ನ ಒಯ್ದರ, ಅವರನ್ನ ಬಿಟ್ಟಿರಲಾರದ ನೀವೂ ಹಿಂದ ಬರ್ತೀರಿ ಅನ್ಕೊಂಡು ವರ್ಷಾ ವರ್ಷಾ ಒಯ್ಯಾಕತ್ತೇನಿ. ನೀವು ಬರೂದ ಇಲ್ಲ.”

ನಾನು ಒಳಗೆ ಹೋಗಿ ಕೈಗೆ ಸಿಕ್ಕ ಎರಡು ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಂದೆ. ಕಾರಿನ ಮುಂದಿನ ಬಾಗಿಲು ತೆಗೆದು ನಿಂತೆ.

“ಅತ್ಯಾರ, ನೀವು ಹಿಂದ ಕುಂದರ್ರಿ. ಇವತ್ತ ನನ್ನ ತಂಗಿ ಬಾಜು ನಾನು ಕುಂದರಾಕಿ.”