ಉಯ್ಯಾಲೆಗೆ ಹಾಕಿದ ಸತುವಿನ ಬುಷ್

“ಸತು ಸತುವೆಂದು ಊರಿಗೆಲ್ಲ ಸಾರಿದರು. ಕೊನೆಗೆ ಸ್ವಂತ ಮನೆಯ ಉಯ್ಯಾಲೆಗೆ ಹಾಕಿದ ಬುಷ್ಷೇ ತಿಂಗಳೊಳಗೆ ಸವೆದುಹೋಯಿತು. ನಾಚಿಕೆಯಾಗಿ ಹಳೆಯ ಕಬ್ಬಿಣದ್ದನ್ನೇ ಮತ್ತೆ ಹಾಕಿಸಿಕೊಂಡರು.” ನಮ್ಮ ಭಾವನವರ ಕುರಿತು ಬನಶಂಕರಿಯಿಂದ ಜಯನಗರದವರೆಗೆ ಹರಡಿರುವ ನಮ್ಮ ಬಂಧುವರ್ಗ ಒಕ್ಕೊರಲಿನಿಂದ ಹೇಳುವ ಕಥೆ ಇದು. ಒಕ್ಕೊರಲಿನಿಂದ ಹೇಳಿದ್ದೆಲ್ಲ ನಿಜವೆಂದು ಯಾವ ಶಾಲೆಯಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ನಾನು ಶಾಲೆಯಲ್ಲಿ ಹೆಚ್ಚು ಕಾಲ ಇರಲಿಲ್ಲ. ಆದ್ದರಿಂದ ಈ ಕಥೆಯನ್ನು ನಾನು ಒಪ್ಪುವುದಿಲ್ಲ.

ಹಾಗೆಂದು ಭಾವನವರು ಸಾಮಾನ್ಯ ಮನುಷ್ಯರೆಂದು ನಾನು ವಾದಿಸಲಾರೆ. ಅವರು ತಾಳಿ ಕಟ್ಟಿದ್ದು ನನ್ನ ಅಕ್ಕನಿಗೆ, ಮನಸ್ಸು ಕೊಟ್ಟದ್ದು ಮಾತ್ರ ಸತುವಿಗೆ! ಎರಕದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮೇಲೂ ಅವರ ಬಾಯಲ್ಲಿ ಒಂದೇ ಜಪ: ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ ಸತು, ಕಾಲು ಪಾಲಿಗೆ ತುಸು ಹೆಚ್ಚು ಅಲ್ಯೂಮಿನಿಯಂ, ರುಚಿಗೆ ತಕ್ಕಷ್ಟು ತಾಮ್ರ. ಈ ಮಿಶ್ರಣ ಕಂಚಿಗಿಂತ ಹಗುರ, ಕಂಚಿಗಿಂತ ಎಷ್ಟೋ ಕಡಿಮೆ ಕಾವಿಗೆ ಕರಗುತ್ತದೆ, ಗಟ್ಟಿತನದಲ್ಲಿ ಬೀಡುಕಬ್ಬಿಣದ ಸಮಕ್ಕೆ ನಿಲ್ಲುತ್ತದೆ. ಯಂತ್ರದ ಒತ್ತಡವೂ ಬೇಡ. ಸೌಟಿನಿಂದ ಹುಯ್ದರೆ ತನ್ನ ಭಾರಕ್ಕೆ ತಾನೇ ಇಳಿದು ಅಚ್ಚು ತುಂಬಿಕೊಳ್ಳುತ್ತದೆ. ಬೇಗೂರಿನ ಕಡೆ ಅವರ ಸ್ನೇಹಿತರದೊಂದು ಎರಕದ ಶೆಡ್ಡಿದೆ. ಅಲ್ಲಿ ಕರಗಿಸುವ ಮೂಸೆಯ ಹತ್ತಿರಕ್ಕೆ ಸೀಸದ ಚೂರೂ ಸುಳಿಯಬಾರದು, ಸುಳಿದರೆ ಇಡೀ ಎರಕ ಮುಂದೆ ಒಳಗೊಳಗೇ ಕೊಳೆಯುತ್ತದೆ ಎಂದು ಅವರು ಆಚರಿಸುವ ಮಡಿಯನ್ನು ಕಂಡಿದ್ದರೆ ನಮ್ಮಜ್ಜಿ ತಮ್ಮ ಮಡಿಯನ್ನು ಸಡಿಲವೆಂದು ಒಪ್ಪಿಕೊಳ್ಳುತ್ತಿದ್ದರು.

ಇಂಥವರನ್ನು ಹೋಟೆಲಿಗೆ ಕರೆದುಕೊಂಡು ಹೋಗುವುದು ಕ್ಷೇಮವೇ? ನಾನು ಹೋದೆ. ಜಯನಗರದ ಹೋಟೆಲೊಂದರಲ್ಲಿ ಬಟ್ಟಲಿನಿಂದ ಮಗುಚಿ ಹಾಕಿದ ಕೇಸರಿಬಾತು ನಮ್ಮ ಮುಂದೆ ಬಂತು. ಅದರ ಅಂಚು ಒಂದು ಕಡೆ ಮುರಿದಿತ್ತು. ಭಾವನವರು ಸಪ್ಲೈಯರನ್ನು ಕರೆದರು.

“ಬಟ್ಟಲಿನ ಬಾಯಿ ಇನ್ನೊಂಚೂರು ಅಗಲ ಇರ್ಬೇಕು ಕಣಪ್ಪಾ. ನೆಟ್ಟಗಿದ್ರೆ ಅಚ್ಚು ಬಿಡಲ್ಲ.”

“ತಿಂದ್ರೆ ಒಳಗೆ ಹೋಗಿ ಎಲ್ಲಾ ಒಂದೇ ಆಗುತ್ತೆ ಸಾರ್.”

“ಅದು ಮರುಕರಗಿಸೋದು. ಬೇರೆ ವಿಷಯ,” ಎಂದರು ಭಾವ, ಬಹಳ ಗಂಭೀರವಾಗಿ.

ಮನೆಯೊಳಗಿನ ಪ್ರಯೋಗಗಳು ಇಷ್ಟು ಅಗ್ಗವಾಗಿ ಮುಗಿಯುತ್ತಿರಲಿಲ್ಲ. ಕುಕ್ಕರ್ ಇಳಿಸಿಡಲೆಂದು ಸೊಸೆಗೆ ಇದೇ ಲೋಹದ ಮುಕ್ಕಾಲಿಯೊಂದನ್ನು ಎರೆಸಿ ಕೊಟ್ಟರು. ಚೆಂದವಾಗಿತ್ತು. ಹಾಲಿನ ಪುಟ್ಟ ಪಾತ್ರೆ ಒಲೆಯ ಮೇಲೆ ಓಲಾಡುತ್ತದೆಂದು ಆಕೆ ಮುಕ್ಕಾಲಿಯನ್ನು ನೇರವಾಗಿ ಉರಿಯ ಮೇಲೆಯೇ ಇಟ್ಟಳು. ಹಾಲು ಉಕ್ಕುವ ಮೊದಲೇ ಮುಕ್ಕಾಲಿ ಮೂರೂ ಕಾಲು ಚಾಚಿ ಮಲಗಿತು. ಬಿಸಿ ತಗುಲಿದರೆ ಇದಕ್ಕೆ ಮೈಮೇಲೆ ಜ್ಞಾನವಿರುವುದಿಲ್ಲವೆಂದು ಮೊದಲೇ ಹೇಳಿದ್ದೆನಲ್ಲ ಎಂದು ಭಾವನವರು ಲೋಹದ ಪರವಾಗಿ ವಕಾಲತ್ತು ಹೂಡಿದರು. ಸೊಸೆ ನೆಲ ಒರೆಸುತ್ತಲೇ ಉತ್ತರಿಸಿದಳು: “ಅಡುಗೆಮನೇಲಿ ಬಿಸಿ ಇರುತ್ತೆ ಮಾವ. ಇದನ್ನ ದೇವರಮನೇಲಿ ಇಟ್ಟು ಪೂಜೆ ಮಾಡಿ.”

ಇನ್ನು ಉಯ್ಯಾಲೆಯ ಪ್ರಕರಣ. ಅಕ್ಕನ ಮನೆಯ ನಡುಮನೆಯಲ್ಲಿ ಹಲಗೆಯ ಉಯ್ಯಾಲೆಯೊಂದಿದೆ. ಸಂಜೆಯಾದರೆ ಅಕ್ಕ ಅದರಲ್ಲಿ ಕುಳಿತು ಸೊಪ್ಪು ಬಿಡಿಸುತ್ತಾಳೆ. ಭಾವನವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಅವಳಿಗೆ ಲೋಹಶಾಸ್ತ್ರ ಬೋಧಿಸುತ್ತಾರೆ. ಸರಪಳಿ ತೂಗುವ ಕಡೆ, ಮೇಲಿನ ಎರಡು ಕೊಂಡಿಗಳೊಳಗೆ, ಬಳೆಯಂತಹ ಒಂದೊಂದು ಕಬ್ಬಿಣದ ಬುಷ್ ಇತ್ತು. ಪ್ರತಿ ತೂಗಿಗೂ ಅದರ ಕಿರ್ ಎಂಬ ಕೂಗು ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು. ಭಾವನವರು ಎರಡು ಬುಷ್‌ಗಳನ್ನು ಸತುವಿನಲ್ಲಿ ಎರೆಸಿ, ಲೇತಿನಲ್ಲಿ ಕಡೆಸಿ, ಹೆಬ್ಬೆರಳಿನಿಂದ ಒಳಮೈಯನ್ನು ತಡವಿ ತಡವಿ ನೋಡಿ, ಕೂಡಿಸಿದರು. ಉಯ್ಯಾಲೆ ಒಮ್ಮೆಗೇ ಮೂಕವಾಯಿತು! ಉಜ್ಜಾಟಕ್ಕೆ ಈ ಲೋಹ ಎಷ್ಟು ಒಗ್ಗುತ್ತದೆಂಬುದನ್ನು ತೋರಿಸಲು ನೆಂಟರನ್ನೆಲ್ಲ ಕರೆದು ಒಬ್ಬೊಬ್ಬರನ್ನಾಗಿ ಕೂರಿಸಿ ತೂಗಿದರು.

ತಿಂಗಳೊಳಗೆ ಸಿದ್ದಾಪುರದಿಂದ ವೆಲ್ಡರನ್ನು ಕರೆಸಿ, ಅವನ್ನು ತೆಗೆಸಿ, ಹಳೆಯ ಕಬ್ಬಿಣದವನ್ನೇ ಹಾಕಿಸಿದರು. ಬುಷ್ ಸವೆಯಿತೆಂದು ಎಲ್ಲರೂ ನಕ್ಕರು. ಭಾವನವರು ಸುಮ್ಮನಿದ್ದರು.

ನನಗೆ ಸಂಶಯ ಹುಟ್ಟಿದ್ದು ಇಲ್ಲಿಯೇ. ತನ್ನನ್ನು ಬೈದರೆ ಕ್ಷಮಿಸುವ, ಸತುವನ್ನು ಬೈದರೆ ಊಟ ಬಿಟ್ಟು ಏಳುವ ಮನುಷ್ಯ ಸುಮ್ಮನಿರುವುದೆಂದರೇನು? ಅವರದೇ ವರ್ನಿಯರ್ ಹಿಡಿದು ಆ ಬುಷ್‌ಗಳನ್ನು ಅಳೆದೆ. ಸವೆದಿದ್ದರೆ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿರಬೇಕು. ಎತ್ತ ತಿರುಗಿಸಿ ಅಳೆದರೂ ಒಂದೇ ಅಳತೆ. ಭಾವನವರನ್ನೇ ಕೇಳಿದೆ. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗಿದರು.

ಅಡುಗೆಮನೆಗೆ ಹೋಗಿ ಅಕ್ಕನನ್ನು ಹಿಡಿದೆ. ಅವಳು ಹುಣಸೆಹಣ್ಣು ಕಿವುಚುವುದನ್ನು ನಿಲ್ಲಿಸಿದಳು.

“ಒಂದಿನ ಸೊಪ್ಪಿನವಳು ಕೂಗಿದ್ಲು ಅಂತ ಎದ್ದು ಗೇಟಿಗೆ ಹೋದೆ ಕಣೋ. ವಾಪಸ್ ಬಂದ್ರೆ ಇವರು ಖಾಲಿ ಉಯ್ಯಾಲೆಗೆ ಸತು ಪಾಠ ಹೇಳ್ತಾ ಕೂತಿದ್ದಾರೆ. ‘ಗೊತ್ತಾಯ್ತೇನೇ?’ ಅಂತ ಅದನ್ನೇ ಕೇಳ್ತಿದ್ದಾರೆ.”

ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ಹಿಂದಿನಿಂದ ನನ್ನ ದನಿ ಕೇಳಿ ತಿರುಗಿದ್ರು ನೋಡು, ಆ ಮುಖ ನೋಡಕ್ಕಾಗ್ಲಿಲ್ಲ. ಅಷ್ಟು ದೂರಕ್ಕೇ ಕಣ್ಣು ಕಾಣ್ತಿಲ್ಲ ಅಂತ ನಂಗೆ ಗೊತ್ತಾಗಿದ್ದೇ ಆವತ್ತು. ‘ನೀನು ಕೂತಿದ್ಯೋ ಎದ್ದ್ಯೋ ಅಂತ ನಂಗೆ ಆ ಕಿರ್ ಅನ್ನೋದೇ ಕಣೇ ಗುರುತು’ ಅಂದ್ರು. ಮಾರನೇ ದಿನವೇ ವೆಲ್ಡರ್ ಬಂದ.”

ಬುಷ್ಷನ್ನು ಹೆಬ್ಬೆರಳಿನಿಂದ ತಡವಿದ್ದು ಹಳೆಯ ಕಸುಬಿನ ಅಭ್ಯಾಸವೆಂದು ನಾನು ತಿಳಿದಿದ್ದೆ. ಕಣ್ಣಿನ ವಿಷಯ ಈಗ ಮನೆಯವರಿಗೆಲ್ಲ ಗೊತ್ತಾಗಿದೆ, ಚಿಕಿತ್ಸೆಯೂ ನಡೆದಿದೆ. ಆದರೂ ಬುಷ್ ಸವೆಯಿತೆಂಬ ಕಥೆಯನ್ನು ಯಾರೂ ತಿದ್ದಿಲ್ಲ. ಭಾವನವರಂತೂ ತಿದ್ದುವವರಲ್ಲ. ಆ ಲೋಹದ ಮಾನವನ್ನು ಅವರು ನನ್ನ ಅಕ್ಕನಿಗಾಗಿ ಬಿಟ್ಟುಕೊಟ್ಟಿದ್ದಾರೆ.

ನನ್ನ ಮಾತನ್ನೂ ಸುಮ್ಮನೆ ನಂಬಬೇಕಾಗಿಲ್ಲ. ಬನಶಂಕರಿಯ ಆ ಮನೆಯ ಕಿಟಕಿಕಟ್ಟೆಯ ಮೇಲೆ ಎರಡೂ ಬುಷ್‌ಗಳಿವೆ, ಒಂದರ ಮೇಲೊಂದು. ಯಾರು ಬೇಕಾದರೂ ಬಂದು ಬೆರಳಿಟ್ಟು ನೋಡಬಹುದು; ಒಳಮೈ ಇನ್ನೂ ನುಣ್ಣಗಿದೆ, ರಂಧ್ರ ಇನ್ನೂ ದುಂಡಗಿದೆ. ನೋಡುತ್ತಿರುವಾಗ ಹಿಂದಿನಿಂದ ಕಿರ್ ಎಂದು ಕೇಳಿಸಿದರೆ, ಎಣ್ಣೆ ಹಾಕಿಸಿ ಎಂದು ಮಾತ್ರ ದಯವಿಟ್ಟು ಹೇಳಬೇಡಿ.